ಶುರುಮಾಡಿದ ಕಸೂತಿ ಮುಗಿಯುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 43. ಮೈಸೂರಿನಲ್ಲಿ ಕಚೇರಿ ಕೆಲಸ, ದಿನವೂ ರೈಲಿನಲ್ಲಿ ಓಡಾಟ. ಹೈಸ್ಕೂಲಿನ ಹೊಲಿಗೆ ಪೀರಿಯಡ್ಡಿನಲ್ಲಿ ಕಲಿತ ಕಸೂತಿ ಎಂದರೆ ನನಗೆ ಪ್ರಾಣ. ಎರಡು ವರ್ಷದ ಹಿಂದೆ ಮತ್ತೆ ಶುರುಮಾಡೋಣವೆಂದು ದಾರ, ರಿಂಗು, ಬಟ್ಟೆ, ಅಚ್ಚು ಹಾಕಿದ ಕಿಟ್ಟು ಎಲ್ಲ ಕೊಂಡೆ. ರಾಧಾಕೃಷ್ಣರ ದೊಡ್ಡ ಚಿತ್ರವೊಂದು ಕಾಲು ಭಾಗಕ್ಕೆ ನಿಂತುಬಿಟ್ಟಿದೆ. ಕೂತರೆ ಹತ್ತು ನಿಮಿಷಕ್ಕೇ ಬೇಸರ, ಸೂಜಿಗೆ ದಾರ ಪೋಣಿಸುವುದೇ ರೇಜಿಗೆ. ಅತ್ತೆಯವರು ‘ಮೆಷಿನ್ನಲ್ಲಿ ಗಳಿಗೆಯಲ್ಲಿ ಆಗೋದಕ್ಕೆ ಇಷ್ಟು ದಿನ ಯಾಕೆ’ ಅನ್ನುತ್ತಾರೆ. ಪೆಟ್ಟಿಗೆ ನೋಡಿದಾಗಲೆಲ್ಲ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ದಿನದ ಕೆಲಸಗಳ ನಡುವೆ ಇದನ್ನು ಖುಷಿಯಾಗಿ ಮಾಡುವುದು ಹೇಗೆ? ಇನ್ನೊಂದು ಮಾತು: ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆ ಮಡಿಕೆಯ ಗೆರೆಯಲ್ಲಿ ಸೀಳಿದೆ. ಅದರ ಮೇಲೆ ಕಸೂತಿ ಹಾಕಿ ಉಳಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ‘ಸೂಜಿಗೆ ದಾರ ಪೋಣಿಸುವುದೇ ರೇಜಿಗೆ’ ಎಂಬ ಮಾತು. ಮೈಸೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೊಲಿಗೆ, ಕಸೂತಿ ಕಲಿಸಿದ್ದೇನೆ. ನಲವತ್ತು ದಾಟಿದ ಎಷ್ಟೋ ಹೆಂಗಸರು ಇದೇ ಮಾತು ಆಡಿದ್ದಾರೆ. ‘ಮೊದಲಿನ ಆಸಕ್ತಿ ಇಲ್ಲ ಮೇಡಂ, ಕೂತರೆ ತಲೆನೋವು’ ಅನ್ನುತ್ತಾರೆ. ಆಸಕ್ತಿ ಎಲ್ಲಿಗೂ ಹೋಗಿರುವುದಿಲ್ಲ, ನಲವತ್ತರ ಸುಮಾರಿಗೆ ಹತ್ತಿರದ್ದು ಮಂಜಾಗುವ ಚಾಳೀಸು ಬಂದಿರುತ್ತದೆ. ದೂರದ ಬೋರ್ಡು ಚೆನ್ನಾಗಿ ಕಾಣುತ್ತದೆ, ಪತ್ರಿಕೆಯನ್ನು ಸ್ವಲ್ಪ ದೂರ ಹಿಡಿದರೆ ಓದಲೂ ಆಗುತ್ತದೆ. ಹಾಗಾಗಿ ಕಣ್ಣಿನ ಕಡೆ ಯೋಚನೆಯೇ ಹರಿಯುವುದಿಲ್ಲ. ಆದರೆ ಬಟ್ಟೆಯ ಎಳೆಯನ್ನು ಅಂಗೈ ದೂರದಲ್ಲಿ ಎಣಿಸುವುದು ಅಕ್ಷರ ಓದುವುದಕ್ಕಿಂತ ಎಷ್ಟೋ ಸೂಕ್ಷ್ಮದ ಕೆಲಸ. ಕಣ್ಣು ಸೋತರೆ ಮನಸ್ಸು ಅದನ್ನು ಬೇಸರ ಎಂದೇ ತಿಳಿಯುತ್ತದೆ. ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಹೊಲಿಗೆ ಹಿಡಿದು ಕೂರುವಷ್ಟೇ ದೂರದಲ್ಲಿ ಬಟ್ಟೆ ಹಿಡಿದು ತೋರಿಸಿ, ಆ ದೂರಕ್ಕೆ ಸರಿಹೋಗುವ ಕನ್ನಡಕ ಕೇಳಿ. ಎರಡು ವರ್ಷದ ತಪ್ಪಿನ ಭಾವನೆಯಲ್ಲಿ ಅರ್ಧ ಅಲ್ಲೇ ಇಳಿದುಹೋಗಬಹುದು.

ಬೆಳಕಿನ ವಿಷಯವೂ ಹೀಗೆಯೇ. ಬಲಗೈಯಲ್ಲಿ ಹೊಲಿಯುವವರಿಗೆ ಬೆಳಕು ಎಡಗಡೆಯಿಂದ ಬೀಳಬೇಕು, ಇಲ್ಲದಿದ್ದರೆ ಕೈಯ ನೆರಳೇ ಸೂಜಿಯ ಮೇಲೆ ಕೂರುತ್ತದೆ. ಚಾವಣಿಯ ಟ್ಯೂಬ್‌ಲೈಟಿನ ಕೆಳಗೆ ಕೂತು ಕಪ್ಪು ಬಟ್ಟೆಯ ಮೇಲೆ ಹೊಲಿಯುವುದು ಯಾವ ವಯಸ್ಸಿನವರಿಗೂ ಒಳ್ಳೆಯದಲ್ಲ. ಕಪ್ಪು ಬಟ್ಟೆ ಹಿಡಿಯಲೇಬೇಕಾದರೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ, ಎಳೆಗಳ ಸಂದು ಎದ್ದು ಕಾಣುತ್ತದೆ.

ಇನ್ನು ರಾಧಾಕೃಷ್ಣರ ಚಿತ್ರಕ್ಕೆ ಬರೋಣ. ನಿಮ್ಮ ಕಿಟ್ಟಿನ ಅಳತೆ ಬರೆದಿಲ್ಲ. 10 ಇಂಚು ಅಗಲ, 14 ಇಂಚು ಎತ್ತರ ಎಂದಿಟ್ಟುಕೊಳ್ಳೋಣ. ಇಂಚಿಗೆ 14 ಮನೆ ಬರುವ ಬಟ್ಟೆಯಾದರೆ ಅಡ್ಡಕ್ಕೆ 140, ಉದ್ದಕ್ಕೆ 196, ಒಟ್ಟು 27,440 ಕತ್ತರಿ ಹೊಲಿಗೆ, ಅಂದರೆ ಕ್ರಾಸ್ ಸ್ಟಿಚ್. ಕೈ ಪಳಗಿದವರು ಗಂಟೆಗೆ 200 ಹಾಕಿದರೂ 137 ಗಂಟೆ ಬೇಕು. ದಿನಕ್ಕೆ ಅರ್ಧ ಗಂಟೆ, ಒಂದು ದಿನವೂ ತಪ್ಪದೆ ಕೂತರೆ ಒಂಬತ್ತು ತಿಂಗಳು. ಅಡುಗೆ, ರೈಲು, ಕಚೇರಿ, ಮಕ್ಕಳ ಓದು ಎಲ್ಲ ಇರುವ ಮನೆಯಲ್ಲಿ ಒಂಬತ್ತು ತಿಂಗಳು ಒಂದು ದಿನವೂ ಬಿಡದೆ ನಡೆಯುವ ಕೆಲಸ ಯಾವುದಿದೆ ಹೇಳಿ? ನೀವು ಸೋಮಾರಿಯಲ್ಲ. ಆ ಲೆಕ್ಕವನ್ನು ಕಿಟ್ಟಿನ ಪೊಟ್ಟಣದ ಮೇಲೆ ಯಾರೂ ಬರೆದಿರುವುದಿಲ್ಲ, ಅಷ್ಟೆ. ಅಚ್ಚಿನ ಚಿತ್ರದಲ್ಲಿ ಇನ್ನೊಂದು ತೊಂದರೆಯಿದೆ. ಬಣ್ಣ ಯಾವುದು, ಎಲ್ಲಿ ಹಾಕಬೇಕು ಎಲ್ಲವನ್ನೂ ಬೇರೆಯವರು ತೀರ್ಮಾನ ಮಾಡಿಟ್ಟಿರುತ್ತಾರೆ. ಕೈಗೆ ಕೆಲಸ ಉಂಟು, ಮನಸ್ಸಿಗೆ ಇಲ್ಲ. ಅಂಥದ್ದನ್ನು ಇಷ್ಟಪಟ್ಟು ಮುಗಿಸುವವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಬಿಟ್ಟುಹೋದ ಕೈಯನ್ನು ಮತ್ತೆ ಕೂಡಿಸಿಕೊಳ್ಳುವವರಿಗೆ ಅದು ಸರಿಯಾದ ಬಾಗಿಲಲ್ಲ.

ನಮ್ಮ ಕಡೆಯ ಮನೆಗಳಲ್ಲಿ ನೂಲು, ಅರಳೆ, ಬಟ್ಟೆಯ ಕೆಲಸ ಹೇಗಿತ್ತು ಎಂದು ಸ್ವಲ್ಪ ನೆನೆಸಿಕೊಳ್ಳಿ. ಮಧ್ಯಾಹ್ನ ಊಟ ಮುಗಿದ ಮೇಲೆ ನಡುಮನೆಯಲ್ಲಿ ಅರಳೆ ಹರಡಿಕೊಂಡು ಹೂಬತ್ತಿ ಹೊಸೆಯುತ್ತಿದ್ದರು. ಹಬ್ಬ ಹತ್ತಿರ ಬಂದರೆ ಗೆಜ್ಜೆವಸ್ತ್ರ. ಅರಳೆಯನ್ನು ಹಿಂಜಿ, ಬೆರಳಲ್ಲಿ ತಿರುವಿ ಎಳೆ ಮಾಡಿ, ಅಷ್ಟಷ್ಟು ದೂರಕ್ಕೆ ಉಂಡೆಗಟ್ಟಿ, ಕುಂಕುಮ ಅದ್ದಿದ ಬೆರಳಿಂದ ಅಲ್ಲಲ್ಲಿ ಕೆಂಪು ಹಚ್ಚಿದರೆ ಆಯಿತು. ಅದನ್ನು ಯಾರೂ ಕರಕುಶಲ ಎಂದು ಕರೆಯಲಿಲ್ಲ. ಮುಗಿಯಿತೇ ಎಂದು ಕೇಳಲೂ ಇಲ್ಲ, ಏಕೆಂದರೆ ಅದು ಮುಗಿಯುವ ಕೆಲಸವೇ ಅಲ್ಲ. ಇವತ್ತಿನದು ನಾಳೆ ಪೂಜೆಗೆ ಖರ್ಚಾಗುತ್ತದೆ, ಮತ್ತೆ ಹೊಸೆಯಬೇಕು. ಕೈ ಓಡುತ್ತಿತ್ತು, ಬಾಯಿ ಮಾತಾಡುತ್ತಿತ್ತು. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ನಮ್ಮಜ್ಜಿ ಭತ್ತದ ಕೊಯ್ಲು ಮುಗಿದ ಮೇಲೆ ಜಗಲಿಯಲ್ಲಿ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ಬೊಂತೆ ಹಾಕುತ್ತಿದ್ದರು. ಹೋಗಿ ಬರುವ ಹೆಂಗಸರು ಕೂತು ನಾಲ್ಕು ಸಾಲು ಹೊಲಿದು ಎದ್ದು ಹೋಗುತ್ತಿದ್ದರು. ಯಾರ ಸಾಲು ಯಾವುದು ಎಂದು ಅಜ್ಜಿ ವರ್ಷಗಳ ಮೇಲೂ ಬೆರಳಿಟ್ಟು ತೋರಿಸುತ್ತಿದ್ದರು. ಒಬ್ಬರದು ಅಕ್ಕಿಕಾಳಿನಷ್ಟು ಸಣ್ಣ, ಇನ್ನೊಬ್ಬರದು ಉದ್ದುದ್ದ.

ಆದ್ದರಿಂದ ನನ್ನ ಸಲಹೆ ಒಂದೇ: ಗೋಡೆಗೆ ತೂಗುಹಾಕುವುದನ್ನು ಸದ್ಯಕ್ಕೆ ಬಿಡಿ, ಮನೆಯಲ್ಲಿ ದಿನವೂ ಕೈಗೆ ಸಿಗುವ ಬಟ್ಟೆಯ ಮೇಲೆ ಹೊಲಿಯಿರಿ. ಊಟದ ಡಬ್ಬಿಯ ಚೀಲ, ಕರ್ಚೀಫು, ದಿಂಬಿನ ಕವರಿನ ಮೂಲೆ, ಮಗಳ ಕುರ್ತಾದ ತೋಳು, ದೇವರ ಮನೆಯ ಮಣೆ ಮೇಲಿನ ವಸ್ತ್ರ. ಒಂದೊಂದೂ ಒಂದು ವಾರಕ್ಕೆ ಮುಗಿಯುವಷ್ಟೇ ಇರಲಿ. ಡಬ್ಬಿ ಚೀಲದ ಮೇಲೆ ಬೆರಳುದ್ದದ ಒಂದು ಕರಿಬೇವಿನ ಎಸಳು ಹೊಲಿಯಿರಿ ನೋಡೋಣ: ದಂಟಿಗೆ ಕಾಂಡದ ಹೊಲಿಗೆ, ಎಲೆಗೆ ದಾರದ ಕುಣಿಕೆಯನ್ನು ತುದಿಯಲ್ಲಿ ಹಿಡಿಸುವ ಲೇಜಿ ಡೇಜಿ. ಎರಡು ಸಂಜೆಯ ಕೆಲಸ. ಮೂರನೆಯ ದಿನ ಅದು ನಿಮ್ಮ ಜೊತೆ ರೈಲಿನಲ್ಲಿ ಕೂತಿರುತ್ತದೆ. ಬಳಸುವ ಬಟ್ಟೆಯ ಮೇಲಿನ ಹೊಲಿಗೆಯನ್ನು ದಿನಕ್ಕೆ ಹತ್ತು ಸಲ ನೋಡುತ್ತೀರಿ, ಮುಟ್ಟುತ್ತೀರಿ. ಒಗೆದಾಗ ಅದು ಮೆತ್ತಗಾಗುತ್ತದೆ, ಬಟ್ಟೆಯೊಳಕ್ಕೆ ಇಳಿದು ಕೂರುತ್ತದೆ. ಗಾಜಿನ ಹಿಂದಿನ ಕಸೂತಿಗೆ ಆ ಭಾಗ್ಯ ಇಲ್ಲ.

ಕೈಕೆಲಸದ ಕೆಲವು ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬೇಸರ ಎನ್ನುವುದರಲ್ಲಿ ಬಹುಪಾಲು ಸಿಕ್ಕಾದ ದಾರದ್ದು. ಅಂಗಡಿಯಲ್ಲಿ ಸಿಗುವ ಆಂಕರ್ ದಾರದ ಲಡಿಯಲ್ಲಿ 8 ಮೀಟರ್ ಇರುತ್ತದೆ, ಅದು 6 ಎಳೆಗಳದ್ದು. ಲಡಿಯಿಂದ ಒಂದು ಮೊಳ ಮಾತ್ರ ಕತ್ತರಿಸಿ. ದೇವರಾಜ ಮಾರುಕಟ್ಟೆಯ ಹೂವಿನವರು ಅಳೆಯುತ್ತಾರಲ್ಲ, ಮೊಣಕೈಯಿಂದ ಬೆರಳ ತುದಿಗೆ, ಅಷ್ಟೇ. ಮತ್ತೆ ಮತ್ತೆ ಪೋಣಿಸುವುದು ತಪ್ಪಲಿ ಎಂದು ಎರಡು ಮಾರು ಉದ್ದ ಎಳೆದುಕೊಂಡರೆ ದಾರ ಸಿಕ್ಕಾಗುವುದಲ್ಲದೆ ಬಟ್ಟೆಯೊಳಗೆ ನೂರಾರು ಸಲ ಉಜ್ಜಿ ಕೊನೆಯ ಭಾಗ ನವಿರೆದ್ದು ಮಂಕಾಗುತ್ತದೆ. ಎರಡು ಎಳೆ ಬೇಕಿದ್ದರೆ ಜೋಡಿಯಾಗಿ ಎಳೆಯಬೇಡಿ. ಒಂದೊಂದೇ ಎಳೆಯನ್ನು ಮೇಲಕ್ಕೆ ಎಳೆದು ಬಿಡಿಸಿ, ಆಮೇಲೆ ಎರಡನ್ನೂ ಜೋಡಿಸಿ. ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಪಕ್ಕಪಕ್ಕ ಮಲಗುತ್ತವೆ, ಹೊಲಿಗೆ ತುಂಬಿಕೊಂಡು ಹೊಳೆಯುತ್ತದೆ. ಹೊಲಿಯುತ್ತ ಹೋದಂತೆ ದಾರ ತಾನೇ ತಿರುಚಿಕೊಳ್ಳುತ್ತದೆ. ಹತ್ತು ಹದಿನೈದು ಹೊಲಿಗೆಗೆ ಒಮ್ಮೆ ಬಟ್ಟೆಯನ್ನು ತಲೆಕೆಳಗೆ ಹಿಡಿದು ಸೂಜಿಯನ್ನು ತೂಗುಬಿಡಿ, ಬುಗುರಿಯಂತೆ ತಿರುಗಿ ತಿರುಚು ಬಿಡಿಸಿಕೊಳ್ಳುತ್ತದೆ. ಸೂಜಿಯ ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣದು. ಎರಡು ಎಳೆಗೆ 7 ಅಥವಾ 8 ನಂಬರಿನ ಕಸೂತಿ ಸೂಜಿ ಸಾಕು, ಅದರ ಕಣ್ಣು ಉದ್ದವಾಗಿರುವುದರಿಂದ ಪೋಣಿಸುವುದೂ ಹಗುರ.

ಬಣ್ಣ ಬಿಡುವ ದಾರದ ಬಗ್ಗೆ ಒಂದು ಎಚ್ಚರಿಕೆ. ಮದುವೆಯಾದ ಹೊಸತರಲ್ಲಿ ನಾನೊಂದು ಬಿಳಿ ದಿಂಬಿನ ಕವರಿಗೆ ಕೆಂಪು ದಾಸವಾಳ ಹೊಲಿದಿದ್ದೆ, ಹದಿನೈದು ದಿನದ ಕೆಲಸ. ಮೊದಲ ಒಗೆತಕ್ಕೇ ಕವರು ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅವತ್ತು ಅತ್ತುಬಿಟ್ಟೆ. ಅಂದಿನಿಂದ ಕೆಂಪು, ಮರೂನ್, ಕಪ್ಪು, ಕಡುನೀಲಿ ದಾರಗಳನ್ನು ಪರೀಕ್ಷಿಸದೆ ಮುಟ್ಟಿಲ್ಲ. ಗೇಣುದ್ದ ದಾರವನ್ನು ಸೋಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ ಒಣಗಿಸಿ. ಕಲೆ ಬಿದ್ದರೆ ಆ ದಾರ ಬಿಳಿ ಬಟ್ಟೆಗೆ ಬೇಡ. ಹೊಸ ಹತ್ತಿ ಬಟ್ಟೆಯನ್ನೂ ಹೊಲಿಯುವ ಮೊದಲೇ ಒಗೆದು ಇಸ್ತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಬಟ್ಟೆ ಕುಗ್ಗಿ ಕಸೂತಿ ಸುಕ್ಕಾಗುತ್ತದೆ.

ನಿಮ್ಮ ಅತ್ತೆಯವರ ಮಾತಿಗೂ ಉತ್ತರ ಇದೆ, ಅದು ಬಟ್ಟೆಯ ಹಿಂಬದಿಯಲ್ಲಿದೆ. ಮೈಸೂರಿನ ಕಡೆ ನಾವು ಬಟ್ಟೆಯ ಮೇಲಿನ ಯಾವ ಹೂವಿಗೂ ಕಸೂತಿ ಎಂದುಬಿಡುತ್ತೇವೆ. ಆದರೆ ಆ ಹೆಸರಿನ ಅಸಲಿ ಕೆಲಸ ಧಾರವಾಡದ ಸೀಮೆಯದು, ಇಳಕಲ್ ಸೀರೆಯ ಮೇಲೆ ಗೋಪುರ, ತುಳಸಿಕಟ್ಟೆ, ಪಲ್ಲಕ್ಕಿ, ಆನೆ, ತೇರುಗಳನ್ನು ತರುವಂಥದ್ದು. ಅದರಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆ. ಮೆಂತೆ ನಿಮಗೆ ಆಗಲೇ ಗೊತ್ತು, ಅದು ಕತ್ತರಿ ಹೊಲಿಗೆಯೇ. ನೀವು ಈಗ ಕಲಿಯಬೇಕಾದದ್ದು ಗವಂತಿ. ಪೆನ್ಸಿಲ್ಲಿನ ಗೆರೆ ಇಲ್ಲ, ಅಚ್ಚು ಇಲ್ಲ, ಗಂಟೂ ಇಲ್ಲ. ಬಟ್ಟೆಯ ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಕೊಂಡು ಹೋಗುವುದೇ ಅದರ ದಾರಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಸೂಜಿ ಸಾಗುತ್ತದೆ, ಹಿಂದಿರುಗುವಾಗ ಬಿಟ್ಟ ಸಂದುಗಳನ್ನೆಲ್ಲ ತುಂಬುತ್ತ ಬರುತ್ತದೆ. ಹೋದದ್ದೂ ಬಂದದ್ದೂ ಸೇರಿ ಮುಂದೆ ಹಿಂದೆ ಎರಡೂ ಕಡೆ ಒಂದೇ ಗೆರೆ. ಮೆಷಿನ್ನಿಗೆ ಮೇಲಿನ ದಾರ ಬೇರೆ, ಬಾಬಿನ್ನಿನ ದಾರ ಬೇರೆ. ಹಾಗಾಗಿ ಅದರ ಕೆಲಸಕ್ಕೆ ಒಂದು ಹಿಂಬದಿ ಇದ್ದೇ ಇರುತ್ತದೆ. ಗವಂತಿಗೆ ಹಿಂಬದಿಯೇ ಇಲ್ಲ. ಒಂದು ಕರ್ಚೀಫಿನ ಮೂಲೆಯಲ್ಲಿ ಪುಟ್ಟ ಗೋಪುರ ಹೊಲಿದು ಅತ್ತೆಯವರ ಕೈಗೆ ಕೊಟ್ಟು, ಸರಿಯಾದ ಮಗ್ಗುಲು ಯಾವುದು ಹೇಳಿ ಎಂದು ಕೇಳಿ.

ಶುರುವಿಗೆ ಗೋಪುರವೂ ಬೇಡ, ಮೆಟ್ಟಿಲು ಸಾಕು. ಹೀಗೆ ಮೆಟ್ಟಿಲಾಗಿ ಸಾಗುವ ಹೊಲಿಗೆಗೇ ಮುರ್ಗಿ ಎನ್ನುವುದು. ಅಡ್ಡಕ್ಕೆ ನಾಲ್ಕು ಎಳೆ, ಉದ್ದಕ್ಕೆ ನಾಲ್ಕು ಎಳೆ. ಹೋಗುವಾಗ ಅಡ್ಡಗೆರೆಗಳು ಮಾತ್ರ ಮೇಲೆ ಕಾಣುತ್ತವೆ, ಬರುವಾಗ ನಿಲುವುಗೆರೆಗಳು ಬಂದು ಕೂರುತ್ತವೆ. ಆ ಕ್ಷಣವನ್ನು ನಾನು ಎಷ್ಟೋ ವಿದ್ಯಾರ್ಥಿನಿಯರ ಮುಖದಲ್ಲಿ ನೋಡಿದ್ದೇನೆ. ಅಲ್ಲಲ್ಲಿ ಚದುರಿದ ಚುಕ್ಕೆಗಳಂತಿದ್ದದ್ದು ಒಮ್ಮೆಗೇ ಮೆಟ್ಟಿಲಾಗಿ ಕೂಡಿಕೊಳ್ಳುತ್ತದೆ. ಕವಲೊಡೆಯುವ ಚಿತ್ರಕ್ಕೆ ಬಂದಾಗ ಸ್ವಲ್ಪ ಯೋಚನೆ ಬೇಕು: ಮುಖ್ಯ ದಾರಿಯಲ್ಲಿ ಹೋಗುತ್ತ ಕವಲು ಸಿಕ್ಕಾಗ ಅದರ ತುದಿಗೆ ಹೋಗಿ, ತುಂಬಿಕೊಂಡು ಮತ್ತೆ ಕವಲಿನ ಬುಡಕ್ಕೆ ಬಂದು ಮುಂದೆ ಸಾಗಬೇಕು. ತಪ್ಪಿದರೆ ಹಿಂಬದಿಯಲ್ಲಿ ಒಂದು ಅಡ್ಡದಾರ ಬಿದ್ದು ಗುಟ್ಟು ಬಯಲಾಗುತ್ತದೆ. ಚೌಕದ ನೋಟ್‌ಬುಕ್ಕಿನಲ್ಲಿ ಮೊದಲು ಬೆರಳಾಡಿಸಿ ದಾರಿ ನೋಡಿಕೊಳ್ಳಿ. ಎಣಿಸುವ ಕೆಲಸ ಇದ್ದಾಗ ನಾಳೆಯ ಚಿಂತೆಗೆ ತಲೆಯಲ್ಲಿ ಜಾಗ ಸಿಗುವುದಿಲ್ಲ. ನೀವು ಹೇಳಿದ ಹತ್ತು ನಿಮಿಷದ ಬೇಸರಕ್ಕೆ ನಾನು ಕಂಡ ಒಳ್ಳೆಯ ಔಷಧ ಇದೇ.

ಬಟ್ಟೆ ಆರಿಸುವಾಗ ಒಂದು ಮಾತು. ಬದನವಾಳಿನಂಥ ಕಡೆ ಕೈಯಲ್ಲಿ ನೂತು ನೇಯ್ದ ಖಾದಿ ನನಗೆ ಬಹಳ ಪ್ರೀತಿಯ ಬಟ್ಟೆ, ಅಂಗಿ ಹೊಲಿಸಲು ಅದಕ್ಕೆ ಸಮ ಇಲ್ಲ. ಆದರೆ ಎಳೆ ಎಣಿಸುವ ಕೆಲಸ ಕಲಿಯುವವರಿಗೆ ಅದನ್ನು ಹೇಳುವುದಿಲ್ಲ. ಕೈನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಅಡ್ಡಕ್ಕೆ ಇಂಚಿಗೆ ಬರುವ ಎಳೆಯ ಲೆಕ್ಕವೇ ಬೇರೆ, ಉದ್ದಕ್ಕೆ ಬರುವುದೇ ಬೇರೆ, ಗೋಪುರ ಕುಳ್ಳಾಗಿಯೋ ಜಗ್ಗಿದಂತೆಯೋ ಬರುತ್ತದೆ. ಬಟ್ಟೆಯ ಮೇಲೆ ಎರಡೂ ದಿಕ್ಕಿಗೆ ಒಂದೊಂದು ಇಂಚು ಗುರುತು ಮಾಡಿ ಎಣಿಸಿ ನೋಡಿ, ಎರಡು ಮೂರು ಎಳೆಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಿಮ್ಮ ಪೆಟ್ಟಿಗೆಯಲ್ಲಿ ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆ ಇದ್ದರೆ ಕಲಿಯಲು ಅದೇ ಸಾಕು. ಆಮೇಲೆ ಎಳೆ ಕಾಣದ ಸೀರೆಯ ಮೇಲೆ ಹೊಲಿಯುವ ಆಸೆಯಾದರೆ, ಮೇಲೆ ನೆಟ್ ಬಟ್ಟೆಯನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಅದರ ಕಣ್ಣುಗಳನ್ನೇ ಎಣಿಸಿ ಹೊಲಿದು, ಕೊನೆಗೆ ನೆಟ್ಟಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯ ಇದೆ.

ರೈಲಿನಲ್ಲಿ ಏನು ಮಾಡಬಹುದು ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ದಿನದಲ್ಲಿ ನಿಜವಾದ ಪುರುಸೊತ್ತು ಇರುವುದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಸೂಜಿ ಬೇಡ. ಗಾಡಿ ಕುಲುಕಿದಾಗ ನಿಮ್ಮ ಬೆರಳಿಗೆ ಚುಚ್ಚುವುದು ಇರಲಿ, ಸೀಟಿನಲ್ಲಿ ಕಳೆದುಹೋದ ಸೂಜಿ ಆಮೇಲೆ ಕೂರುವ ಮಗುವಿಗೆ ಚುಚ್ಚುತ್ತದೆ. ಕ್ರೋಷಾ ಕಡ್ಡಿ ಹಿಡಿಯಿರಿ. ಕಡ್ಡಿ ಒಂದೇ, ದಾರದ ಉಂಡೆ ಚೀಲದೊಳಗೆ, ಕತ್ತರಿಯ ಅಗತ್ಯವೂ ಇಲ್ಲ. ನಾಗನಹಳ್ಳಿ ದಾಟಿ ಇಳಿಯುವ ಸಿದ್ಧತೆ ಮಾಡುವಾಗ ಇರುವಲ್ಲಿಗೇ ನಿಲ್ಲಿಸಿ ಚೀಲಕ್ಕೆ ಹಾಕಬಹುದು, ಬಿಚ್ಚಿದರೂ ಒಂದು ಕುಣಿಕೆ ಮಾತ್ರ. ಕರ್ಚೀಫಿನ ಅಂಚಿಗೆ ಲೇಸು ಹಾಕುವುದರಿಂದ ಶುರುಮಾಡಿ. ಸಣ್ಣ ಸ್ಟೀಲ್ ಕಡ್ಡಿಯಿಂದ ಮಡಿಚಿದ ಅಂಚನ್ನೇ ಚುಚ್ಚಿ ಸುತ್ತಲೂ ಒಂದು ಸಾಲು, ಅದರ ಮೇಲೆ ಐದು ಚೈನಿನ ಕಮಾನುಗಳು, ಕಮಾನಿನ ಮೇಲೆ ಇನ್ನೊಂದು ಕಮಾನು. ನನ್ನ ಶಿಷ್ಯೆಯೊಬ್ಬಳು ಚಾಮರಾಜನಗರದ ರೈಲಿನಲ್ಲಿ ಓಡಾಡುತ್ತಲೇ ಮನೆಯ ಎಲ್ಲ ದಿಂಬುಗಳಿಗೂ ಲೇಸು ಕಟ್ಟಿದ್ದಾಳೆ. ಎದುರು ಸೀಟಿನವರು ಮೊದಲ ವಾರ ಸುಮ್ಮನೆ ನೋಡುತ್ತಾರೆ, ಎರಡನೆಯ ವಾರ ‘ಹೇಗೆ ಹಾಕ್ತೀರಾ ತೋರಿಸಿ’ ಅನ್ನುತ್ತಾರಂತೆ. ಆದರೆ ಹೆಬ್ಬೆರಳ ಬುಡ ನೋಯತೊಡಗಿದರೆ, ಬೆರಳು ಜುಮ್ಮೆಂದರೆ ಅವತ್ತಿಗೆ ನಿಲ್ಲಿಸಬೇಕು. ಮತ್ತೆ ಮತ್ತೆ ಆದರೆ ಡಾಕ್ಟರಿಗೆ ತೋರಿಸಿ.

ಇದೆಲ್ಲಕ್ಕಿಂತಲೂ ನಾನು ಹೆಚ್ಚು ಬೆಲೆ ಕೊಡುವ ಕೆಲಸ ರಫು ಮತ್ತು ತೇಪೆ. ತೇಪೆ ಎಂದರೆ ಬಡತನದ ಗುರುತು ಎಂದು ನಾಚುವ ಕಾಲವೊಂದಿತ್ತು, ನಾನೂ ನಾಚಿದ್ದೇನೆ. ಈಗ ನನಗೆ ಅದು ಬಟ್ಟೆಗೆ ತೋರಿಸುವ ಅತಿ ದೊಡ್ಡ ಮರ್ಯಾದೆಯಾಗಿ ಕಾಣುತ್ತದೆ. ರಫು ಮಾಡುವುದು ಹೀಗೆ: ತೂತಿನ ಸುತ್ತ ಅರ್ಧ ಇಂಚು ಗಟ್ಟಿ ಬಟ್ಟೆಯಲ್ಲಿ ಸಣ್ಣ ಓಟದ ಹೊಲಿಗೆಯಿಂದ ಶುರುಮಾಡಿ, ತೂತಿನ ಮೇಲೆ ಉದ್ದುದ್ದ ದಾರಗಳನ್ನು ಪಕ್ಕಪಕ್ಕ ಹಾಸಿ. ಅದು ಹಾಸಾಯಿತು. ಆಮೇಲೆ ಅಡ್ಡಲಾಗಿ ಒಂದು ಎಳೆಯ ಮೇಲೆ, ಒಂದರ ಕೆಳಗೆ ಸೂಜಿ ನುಗ್ಗಿಸಿ, ಮುಂದಿನ ಸಾಲಿಗೆ ಅದಲುಬದಲು ಮಾಡಿ. ಅದು ಹೊಕ್ಕು. ನೇಕಾರರು ಮಗ್ಗದ ಮೇಲೆ ಮಾಡುವುದನ್ನೇ ನೀವು ಬೆರಳಗಲದ ಜಾಗದಲ್ಲಿ ಮಾಡಿದ್ದೀರಿ. ಸಾಲಿನ ಕೊನೆಯಲ್ಲಿ ತಿರುಗುವಾಗ ದಾರವನ್ನು ಬಿಗಿಯಬೇಡಿ, ಪುಟ್ಟ ಕುಣಿಕೆ ಬಿಡಿ. ಒಗೆದಾಗ ದಾರ ಕುಗ್ಗಲು ಅಷ್ಟು ಸಡಿಲ ಬೇಕು. ಮಗನ ಯೂನಿಫಾರಂ ಮಂಡಿಯಲ್ಲಿ ಹರಿದರೆ ಅದೇ ಬಣ್ಣದಲ್ಲಿ ಮಾಡಿ, ಮನೆಯ ಟವೆಲ್ಲಾದರೆ ಬೇರೆ ಬಣ್ಣದಲ್ಲೇ ಮಾಡಿ, ಕಾಣಲಿ.

ಅತ್ತೆಯವರ ಹಳೆಯ ನೂಲಿನ ಸೀರೆ ಒಂದನ್ನು ಕೇಳಿ ಪಡೆಯಿರಿ. ಐದೂವರೆ ಮೀಟರಿನ ಸೀರೆಯನ್ನು ಐದು ಪದರವಾಗಿ ಮಡಿಸಿದರೆ ಹೆಚ್ಚುಕಡಿಮೆ 1.1 ಮೀಟರಿನ ಚೌಕ ಸಿಗುತ್ತದೆ, ಒಂದು ಮಗುವಿನ ಬೊಂತೆಗೆ ಅಷ್ಟು ಸಾಕು. ನೆಲದ ಮೇಲೆ ಹರಡಿ, ಅಂಗೈಯಲ್ಲಿ ಸುಕ್ಕು ತೆಗೆದು, ನಡುವಿನಿಂದ ಹೊರಕ್ಕೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿ. ಆಮೇಲೆ ಅಂಚಿನಿಂದ ಶುರುಮಾಡಿ ಬೆರಳಗಲ ಬಿಟ್ಟು ಸುತ್ತಲೂ ಸುತ್ತುತ್ತ ನಡುವಿಗೆ ಬನ್ನಿ. ನಮ್ಮಜ್ಜಿ ಮಾಡುತ್ತಿದ್ದದ್ದು ಹೀಗೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕವಂದಿ ಎಂಬ ತಮ್ಮ ಬೊಂತೆಯನ್ನು ಹೊಲಿಯುವುದೂ ಅಂಚಿನಿಂದ ಒಳಕ್ಕೇ. ಅವರು ನಾಲ್ಕು ಮೂಲೆಗಳಿಗೂ ಬಟ್ಟೆ ಮಡಿಸಿ ‘ಫುಲ’ ಎನ್ನುವ ಹೂವು ಕೂರಿಸುತ್ತಾರೆ, ಅದಿಲ್ಲದೆ ಕವಂದಿ ಪೂರ್ತಿಯಾಯಿತು ಎನ್ನುವುದಿಲ್ಲ. ಅತ್ತೆಯವರ ತವರಿನಲ್ಲಿ ಬೊಂತೆ ಹೇಗೆ ಹಾಕುತ್ತಿದ್ದರು ಎಂದು ಕೇಳಿ ನೋಡಿ. ಯಾಕೆ ಎಂದು ಕೇಳುವವರು ಹಾಗಲ್ಲ ಹೀಗೆ ಎಂದು ಪಕ್ಕದಲ್ಲಿ ಕೂರುವುದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ.

ಅಮ್ಮನ ಸೀರೆಯ ವಿಷಯ. ದಯವಿಟ್ಟು ಅದರ ಮೇಲೆ ಕಸೂತಿ ಹಾಕಬೇಡಿ. ಮೈಸೂರು ಸಿಲ್ಕಿನ ಬಟ್ಟೆ ಕ್ರೇಪ್ ಜಾತಿಯದು. ನೂಲನ್ನು ಬಹಳ ಬಿಗಿಯಾಗಿ ಹುರಿಗೊಳಿಸಿ ನೇಯುತ್ತಾರೆ, ನೇಯ್ದ ಮೇಲೆ ಸೋಪಿನ ನೀರಿನಲ್ಲಿ ಕುದಿಸಿ ರೇಷ್ಮೆಯ ಅಂಟನ್ನು ತೆಗೆದಾಗ ಹುರಿ ಸಡಿಲಲು ಹೋಗಿ ಬಟ್ಟೆಗೆ ಆ ಸಣ್ಣ ಸುಕ್ಕಿನ ಮೈ ಬರುತ್ತದೆ. ಅದು ಮೈಗೆ ನೀರಿನಂತೆ ಇಳಿಬೀಳುವುದು ಇದರಿಂದಲೇ. ಹಳೆಯದಾದಾಗ ಆ ಎಳೆಗಳಿಗೆ ಕಸೂತಿಯ ಭಾರ ಹೊರುವ ಶಕ್ತಿ ಇರುವುದಿಲ್ಲ. ಸೂಜಿ ಹೋದಲ್ಲೆಲ್ಲ ತೂತು ಉಳಿಯುತ್ತದೆ, ಸೀಳು ಹೊಲಿಗೆಯ ಪಕ್ಕಕ್ಕೆ ಸರಿಯುತ್ತದೆ. ಮೊದಲು ಬಟ್ಟೆಯ ಜೀವ ನೋಡಿ: ಸೀಳಿಲ್ಲದ ಕಡೆ ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಆಚೀಚೆ ಎಳೆಯಿರಿ. ತಾಳಿಕೊಂಡರೆ, ಸೀಳಿನ ಹಿಂದೆ ಅದೇ ಬಣ್ಣದ ತೆಳು ಮಲ್ ಬಟ್ಟೆ ಇಟ್ಟು ಒಂದೇ ಎಳೆ ರೇಷ್ಮೆ ದಾರದಲ್ಲಿ, ಸಿಗುವ ಅತಿ ಸಣ್ಣ ಸೂಜಿಯಲ್ಲಿ ಹಿಡಿಸಿ, ಅಪರೂಪಕ್ಕೆ ಉಟ್ಟುಕೊಳ್ಳಬಹುದು. ಎಳೆದ ಕೂಡಲೇ ಸಣ್ಣಗೆ ಚರ್ರೆಂದರೆ ಉಡುವ ಆಸೆ ಬಿಡಬೇಕು.

ಉಟ್ಟುಕೊಳ್ಳಲಾಗದಿದ್ದರೂ ಅದನ್ನು ಬೀದಿಯಲ್ಲಿ ‘ಹಳೇ ಜರಿ ಸೀರೆ ತಗೋತೀವಿ’ ಎಂದು ಕೂಗಿ ಬರುವವರಿಗೆ ಅವಸರದಲ್ಲಿ ಕೊಟ್ಟುಬಿಡಬೇಡಿ. ಅವರು ಕೊಳ್ಳುವುದು ಜರಿಯೊಳಗಿನ ಬೆಳ್ಳಿಗಾಗಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ಇಂದಿಗೂ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಒಡಲು ಹೋದರೂ ಸಾಮಾನ್ಯವಾಗಿ ಅಂಚು ಗಟ್ಟಿಯಾಗಿರುತ್ತದೆ. ಅಂಚನ್ನು ಬಿಡಿಸಿ ನಿಮ್ಮ ಇನ್ನೊಂದು ರೇಷ್ಮೆ ರವಿಕೆಯ ತೋಳಿಗೆ ಹಾಕಿಸಿ, ಟೈಲರಿಗೆ ಒಳಗೆ ಲೈನಿಂಗ್ ಕೊಡಲು ಮರೆಯದೆ ಹೇಳಿ. ಉಳಿದ ಸೀರೆಗಳನ್ನಾದರೂ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಟ್ಟು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಅದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟದ್ದರಿಂದಲೇ ಅಮ್ಮನ ಸೀರೆ ಅಲ್ಲಿ ಸೀಳಿದ್ದು. ನುಸಿಗುಳಿಗೆ ಬಟ್ಟೆಗೆ ನೇರವಾಗಿ ತಾಗಬಾರದು.

ರಾಧಾಕೃಷ್ಣರನ್ನು ಏನು ಮಾಡುವುದು? ಹೊಲಿದಿರುವ ಕಾಲು ಭಾಗದಲ್ಲಿ ಯಾವುದು ಪೂರ್ತಿಯಾಗಿದೆ ನೋಡಿ. ನವಿಲುಗರಿಯೋ, ಕೊಳಲು ಹಿಡಿದ ಕೈಯೋ, ಮೂಲೆಯ ಹೂಬಳ್ಳಿಯೋ ಇರಬಹುದು. ಸುತ್ತ ಒಂದಿಂಚು ಬಿಟ್ಟು ಕತ್ತರಿಸಿ, ಅಂಚು ಒಳಕ್ಕೆ ಮಡಿಸಿ ಒಂದು ಚೀಲದ ಮೇಲೆ ಹೊಲಿಯಿರಿ. ಕತ್ತರಿಸಲು ಮನಸ್ಸು ಬಾರದಿದ್ದರೆ ಸುರುಳಿ ಸುತ್ತಿ ಅಟ್ಟದ ಮೇಲಿಡಿ, ಕಣ್ಣೆದುರಿನ ಪೆಟ್ಟಿಗೆಯಲ್ಲಿ ಮಾತ್ರ ಬೇಡ. ರಿಂಗಿನಲ್ಲಿ ಬಟ್ಟೆ ಸಿಕ್ಕಿಸಿಯೇ ಬಿಟ್ಟಿದ್ದರೆ ಇವತ್ತೇ ಬಿಚ್ಚಿ, ತಿಂಗಳುಗಟ್ಟಲೆ ಬಿಟ್ಟರೆ ಕಟ್ಟಿನ ಗುರುತು ಹೋಗುವುದಿಲ್ಲ. ದೊಡ್ಡ ಪೆಟ್ಟಿಗೆಯೂ ಒಳಗೆ ಹೋಗಲಿ. ಹೊರಗೆ ಒಂದು ಚಿಕ್ಕ ತಗಡಿನ ಡಬ್ಬಿ ಸಾಕು: ಎರಡು ಸೂಜಿ, ನಾಲ್ಕು ಬಣ್ಣ, ಒಂದು ಚಿಕ್ಕ ಕತ್ತರಿ, ಈಗ ನಡೆಯುತ್ತಿರುವ ಒಂದೇ ಒಂದು ಕೆಲಸ. ಸಂಜೆ ಕಾಫಿ ಕುಡಿಯುವ ಜಾಗದಲ್ಲಿ ಅದು ಕೈಗೆಟುಕುವಂತಿರಲಿ. ಎದ್ದೇಳುವ ಮೊದಲು ಮುಂದಿನ ಸರದಿಗೆ ಸೂಜಿಗೆ ದಾರ ಪೋಣಿಸಿಟ್ಟೇ ಏಳಿ. ನಾಳೆ ಕೂರುವಾಗ ಆ ರೇಜಿಗೆ ಇರುವುದಿಲ್ಲ.

ಅಮ್ಮನ ಸೀರೆಯ ಒಡಲಿನಿಂದಲೂ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ವಾಡಿಕೆ ಇದ್ದರೆ, ಪಟ್ಟದ ಗೊಂಬೆಗಳಿಗೆ ಈ ವರ್ಷ ಅಂಗಡಿಯ ಬಟ್ಟೆ ಬೇಡ. ಸೀರೆಯಲ್ಲಿ ಗಟ್ಟಿಯಾಗಿ ಉಳಿದ ಕಡೆ ಒಂದೂವರೆ ಅಡಿ ಕತ್ತರಿಸಿ, ಹಿಂದೆ ಮಲ್ ಬಟ್ಟೆ ಕೊಟ್ಟು, ಬಿಡಿಸಿದ ಅಂಚಿನ ಉಳಿಕೆಯನ್ನೇ ಸಣ್ಣ ಹೊಲಿಗೆಯಲ್ಲಿ ಸೇರಿಸಿ, ರಾಣಿಗೆ ನೆರಿಗೆ ಹಿಡಿದು ಉಡಿಸಿ. ರಾಜನಿಗೆ ಅದೇ ಅಂಚಿನ ಉತ್ತರೀಯ. ಸೆರಗಿಗೆ ರೇಷ್ಮೆ ದಾರದಲ್ಲಿ ನಾಲ್ಕು ಪುಟ್ಟ ಕುಚ್ಚು ಕಟ್ಟಿ. ಆ ಕುಚ್ಚು ಕಟ್ಟುವ ಕೆಲಸವನ್ನು ಮಗಳ ಕೈಗೆ ಕೊಡಿ, ಅಜ್ಜಿಯ ಸೀರೆ ಇದು ಎಂದು ಹೇಳಿ ಕೊಡಿ.